ವಾಲ್ಡೆನೋರನ ಕಪ್ಪು ಮಣ್ಣು

ಪಪ್ಪಾಯಿ ಕೊಟ್ಟಿದ್ದೇ ತಪ್ಪಾಯಿತು. ತಪಜೋಸ್ ನದಿಯ ದಡದ ಆ ಊರಲ್ಲಿ ಎಲ್ಲರ ಹಿತ್ತಲೂ ಬಿಳಿ ಮರಳು. ಮರಗೆಣಸು ಬೆಳೆದರೆ ಅದೇ ಹೆಚ್ಚು. ಅಂಥದ್ದರಲ್ಲಿ ವಾಲ್ಡೆನೋರ್ ಬೆಳಿಗ್ಗೆ ಬೆಳಿಗ್ಗೆಯೇ ತನ್ನ ಹಿತ್ತಲಲ್ಲಿ ಬೆಳೆದ ಕೂಸಿನಷ್ಟು ದಪ್ಪದ ಪಪ್ಪಾಯಿ ಹೊತ್ತು ತಂದು ಪಕ್ಕದ ಮನೆಯ ದೋನಾ ಝುಲ್ಮಿರಾಳ ಕೈಗಿಟ್ಟ. ಆಕೆ ಅದನ್ನು ಮೂಸಿ, ತಿರುಗಿಸಿ, ಹೊಟ್ಟೆ ತಟ್ಟಿ ನೋಡಿದಳು, ಕದ್ದ ಮಾಲು ಪರೀಕ್ಷಿಸುವ ಪೊಲೀಸರ ಹಾಗೆ.

ನದಿಯ ತಿರುವಿನಾಚೆ ಹಿಂದಿನ ಕಾಲದ ಜನ ಬಾಳಿದ್ದ ಒಂದು ದಿಬ್ಬವಿದೆ. ಅವರ ಒಲೆಯ ಇದ್ದಿಲು, ಮೂಳೆ, ಒಡೆದ ಮಡಕೆ ಎಲ್ಲ ಸೇರಿ ಅಲ್ಲಿನ ಮಣ್ಣು ಇವತ್ತಿಗೂ ಕಾಡಿಗೆಯ ಹಾಗೆ. ನೆಟ್ಟ ಕಡ್ಡಿಯೂ ಚಿಗುರುತ್ತದೆ. ಅದನ್ನು ಒಂದು ಹಿಡಿಯೂ ಮುಟ್ಟುವಂತಿಲ್ಲವೆಂದು ಸರ್ಕಾರ ಬೇಲಿ ಹಾಕಿದೆ. ವಾಲ್ಡೆನೋರ್ ದೋಣಿಯಲ್ಲಿ ಅದನ್ನೇ ಕದ್ದು ತರುತ್ತಿದ್ದಾನೆ ಎಂಬುದು ಮಧ್ಯಾಹ್ನದ ಮೀನು ಬೇಯುವಷ್ಟರಲ್ಲಿ ಊರಿನ ತೀರ್ಮಾನವಾಯಿತು.

ವಾಲ್ಡೆನೋರನ ಹಿತ್ತಲಿಗೆ ಒಬ್ಬ ಬೆಂಕಿಪೊಟ್ಟಣ ಕೇಳಿಕೊಂಡು ಬಂದ. ಇನ್ನೊಬ್ಬಳು ಕಳೆದುಹೋಗದ ಕೋಳಿಯನ್ನು ಹುಡುಕಿಕೊಂಡು ಬಂದಳು. ಎಲ್ಲರ ಕಣ್ಣೂ ನೆಲದ ಮೇಲೆ. ನೆಲ ಕಪ್ಪಗೇ ಇತ್ತು. ನಡುವೆ ಒಂದು ಬಿಳಿ ಡಬ್ಬ ಬೋರಲಾಗಿ ಕೂತಿತ್ತು.

"ಅದರೊಳಗೆ ಏನಿದೆಯೋ?" ಎಂದಳು ಝುಲ್ಮಿರಾ.

"ಗಾಳಿ, ಅಕ್ಕಾ."

"ಗಾಳೀನ ಯಾರಾದ್ರೂ ಮುಚ್ಚಿಡ್ತಾರಾ?"

ವಾಲ್ಡೆನೋರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಿಶ್ವವಿದ್ಯಾಲಯದಿಂದ ಬಂದಿದ್ದ ತಾಸಿಯಾನೆ ಎಂಬ ಹುಡುಗಿ ಹೇಳಿಕೊಟ್ಟಿದ್ದಳು: ಅಸಾಯಿ ಎಂಬ ತಾಳೆ ಜಾತಿಯ ಹಣ್ಣಿನ ಬೀಜ ರಾಶಿ ಬಿದ್ದು ಕೊಳೆತರೆ ಅದರ ಅನಿಲ ಮೇಲಕ್ಕೆ ಹೋಗಿ ಭೂಮಿಯನ್ನು ಕಾಯಿಸುತ್ತದೆ. ಅದೇ ಬೀಜವನ್ನು ಮುಚ್ಚಿದ ಪೀಪಾಯಿಯಲ್ಲಿ ಇದ್ದಿಲು ಮಾಡಿ ಮಣ್ಣಿಗೆ ಬೆರೆಸಿದರೆ ಬಹುಕಾಲ ಅಲ್ಲೇ ಉಳಿಯುತ್ತದೆ; ಕಣ್ಣಿಗೆ ಕಾಣದ ಜೀವಿಗಳು ಅದರ ತೂತುಗಳಲ್ಲಿ ಬಿಡಾರ ಹೂಡಿ ಮಣ್ಣನ್ನು ಹದ ಮಾಡುತ್ತವೆ. ಮಣ್ಣಿನಿಂದ ಎಷ್ಟು ಅನಿಲ ಏಳುತ್ತದೆಂದು ಅಳೆಯಲು ಅವಳೇ ಡಬ್ಬ ಇಟ್ಟಿದ್ದಳು.

ಹೇಳುತ್ತ ಹೇಳುತ್ತ ಅವನ ಮಾತು ಅವನಿಗೇ ಸುಳ್ಳೆನಿಸತೊಡಗಿತು. ಕಾಣದ ಜೀವಿ, ಕೈಗೆ ಸಿಗದ ಗಾಳಿ! ಕಳ್ಳರೂ ಇದಕ್ಕಿಂತ ಒಳ್ಳೆ ನೆಪ ಹೇಳುತ್ತಾರೆ ಎಂದು ಯಾರೋ ಹಿಂದಿನಿಂದ ಅಂದರು.

ಝುಲ್ಮಿರಾ ಆಗಲೇ ಫೋನು ಮಾಡಿದ್ದಳು. ಸಂಜೆಯ ದೋಣಿಗೆ ಪ್ರಾಚ್ಯವಸ್ತು ಇಲಾಖೆಯ ಅಧಿಕಾರಿ ಓಝೆಯಾಸ್ ಬಂದಿಳಿದರು. ಮಣ್ಣನ್ನು ಬೆರಳಲ್ಲಿ ಉಜ್ಜಿ, ಆಮೇಲೆ ವಾಲ್ಡೆನೋರನ ಉಗುರುಗಳನ್ನು ನೋಡಿದರು. ಅವನಿಗೆ ಅಳು ಬರುವಂತಾಯಿತು. ಗುದ್ದಲಿ ತಂದು ಅವರ ಕೈಗೇ ಕೊಟ್ಟ.

"ಸಾರ್, ನನ್ನ ಇದ್ದಿಲು ಇರೋದು ಒಂದು ಗೇಣು ಅಷ್ಟೇ. ಕೆಳಗೆಲ್ಲ ಬರೀ ಮರಳು. ನೀವೇ ಅಗೆದು ನೋಡಿ."

ಅಗೆದರು. ಒಂದು ಗೇಣು ಕಪ್ಪು, ಅದರ ತುಂಬ ಸುಟ್ಟ ಅಸಾಯಿ ಬೀಜ. ಕೆಳಗೆ ಬಿಳಿ ಮರಳು. ವಾಲ್ಡೆನೋರ್ ಊರವರ ಕಡೆ ತಿರುಗಿ ಎದೆ ಸೆಟೆಸಿದ. ಓಝೆಯಾಸ್ ಮಾತ್ರ ಯಾವುದಕ್ಕೂ ಇರಲಿ ಎಂದು ಇನ್ನೊಂದಿಷ್ಟು ಅಗೆದರು. ಮರಳು ಮುಗಿದು ಮತ್ತೆ ಕಪ್ಪು ಬಂತು, ಈ ಸಲ ಜಿಡ್ಡುಜಿಡ್ಡಾದ ಕಾಡಿಗೆಗಪ್ಪು. ಗುದ್ದಲಿ ಟಣ್ ಎಂದಿತು. ಗೆರೆ ಬರೆದ ಮಡಕೆಯ ಚೂರು.

ಅಧಿಕಾರಿ ಮೊಣಕಾಲೂರಿ ಕೂತುಬಿಟ್ಟರು. ಇದು ತಂದು ಹಾಕಿದ್ದಲ್ಲ, ಹಳೇ ಕಾಲದಿಂದ ಇಲ್ಲೇ ಇದ್ದದ್ದು, ನದಿ ಮೇಲೆ ಮರಳು ಹೊದಿಸಿದೆ ಎಂದರು. ಪಪ್ಪಾಯಿಯ ಬೇರು ಆ ಕಪ್ಪಿನೊಳಗೂ ಇಳಿದಿತ್ತು. ವಾಲ್ಡೆನೋರನಿಗೆ ಈಗ ತನ್ನ ಇದ್ದಿಲಿನ ಮೇಲೇ ಸಂಶಯ ಹುಟ್ಟಿತು.

"ನೀನು ಕಳ್ಳ ಅಲ್ಲ ಮಾರಾಯಾ," ಎಂದು ಓಝೆಯಾಸ್ ಅವನ ಕೈ ಕುಲುಕಿ, ಹಿತ್ತಲಿನ ಸುತ್ತ ಹಳದಿ ಪಟ್ಟಿ ಕಟ್ಟತೊಡಗಿದರು. "ಆದ್ರೆ ಇನ್ಮೇಲೆ ಇಲ್ಲಿ ಗುದ್ದಲಿ ಹಾಕಿದ್ರೆ, ಆಗ ಕಳ್ಳ."

ವಾಲ್ಡೆನೋರ್ ಗುದ್ದಲಿ ಎತ್ತಿಕೊಂಡ. ಝುಲ್ಮಿರಾ ಮೆಲ್ಲಗೆ ಬಂದು ಅದನ್ನು ಅವನ ಕೈಯಿಂದ ಬಿಡಿಸಿಕೊಂಡಳು.

"ನನ್ನ ಹತ್ರ ಇರಲಿ," ಎಂದಳು. "ನಿನ್ನನ್ನ ಹೇಗೆ ನಂಬೋದು?"