ಕೊಗ್ಗನ ನಾಮೋದ್ಧಾರ

ನನ್ನ ಮಗನಿಗೆ ಕೊಗ್ಗ ಎಂದು ಹೆಸರಿಟ್ಟದ್ದಕ್ಕೆ ಗಲ್ಫಿನ ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಅಭಿಪ್ರಾಯ ಹೇಳದೆ ಉಳಿದದ್ದು ಲಿಫ್ಟ್ ಒಂದೇ. ಕೊಗ್ಗ ಎಂದರೆ ನನ್ನ ಅಪ್ಪನ ಅಪ್ಪ. ಆ ಮಹಾಪುರುಷನ ನಾಮಧೇಯವನ್ನು ಸಮುದ್ರದ ಈಚೆ ದಡದಲ್ಲಿ ಮೊಳಗಿಸಬೇಕೆಂಬುದು ನನ್ನ ಘನ ಸಂಕಲ್ಪ. (ಅಜ್ಜ ಸ್ವತಃ ಮಂಗಳೂರು ದಾಟಿದವರಲ್ಲ, ಅದು ಬೇರೆ ಮಾತು.)

ಹೆಂಡತಿ ದೀಕ್ಷಿತಾಳಿಗೆ ಲಕ್ಷಿತ್ ಎಂಬ ಹೆಸರು ಬೇಕಿತ್ತು. ಕೊಗ್ಗ ಎಂಬುದು ಹಲ್ಲುದುರಿದ ಮುದುಕರ ಹೆಸರಂತೆ.

"ದೊಡ್ಡವನಾದ ಮೇಲೆ ನಮ್ಮ ಮೇಲೆ ಕೇಸು ಹಾಕ್ತಾನೆ, ನೋಡಿ ಬೇಕಾದ್ರೆ" ಎಂದಳು.

"ಹೆಸರಿಗೊಂದು ತೂಕ ಉಂಟು ಮಾರಾಯ್ತಿ."

"ಉಂಟು. ಹೊರುವುದು ನೀವಲ್ಲವಲ್ಲ."

ಎದುರು ಫ್ಲ್ಯಾಟಿನ ಆಲ್ಬಿನಾ ಬಾಯಿ ಸಂಧಾನಕ್ಕೆ ಬಂದರು. "ಕೋಕೋ ಅಂತ ಕರೆದ್ರೆ ಆಯ್ತಲ್ಲ? ಇಲ್ಲಾಂದ್ರೆ ಕೊಗ್ಗು? ಕೇಜಿ?"

"ಹಿರಿಯರ ಹೆಸರನ್ನು ತುಂಡು ಮಾಡುವ ಪದ್ಧತಿ ನಮ್ಮಲ್ಲಿಲ್ಲ" ಎಂದು ನಾನು ಬ್ರಹ್ಮಾಸ್ತ್ರ ಬಿಟ್ಟೆ. ಪಾಸ್‌ಪೋರ್ಟೂ ಬಂತು, ಖಲಾಸ್. ದೀಕ್ಷಿತಾ ನನ್ನ ಚಹಾಕ್ಕೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದಳು.

ಅಮ್ಮನಿಗೆ ಮಾತ್ರ ಹೆಸರು ತಿಳಿಸಿರಲಿಲ್ಲ. ಉಡುಪಿಯಿಂದ ಬಂದಾಗ ಎದುರೆದುರೇ ಹೇಳಿ, ಆನಂದಬಾಷ್ಪ ನೋಡುವ ಆಸೆ ನನಗೆ. ಅಮ್ಮ ಬಂದು ಸೋಫಾದಲ್ಲಿ ಕೂತದ್ದೇ ಮಗುವನ್ನು ಮಡಿಲಿಗಿಟ್ಟು, "ಇವನು ಕೊಗ್ಗ" ಎಂದೆ.

ಅಮ್ಮ ಕೆಂಡ ಮುಟ್ಟಿದವರಂತೆ ಮಗುವನ್ನು ಸೊಸೆಯ ಕೈಗೆ ದಾಟಿಸಿ ಎದ್ದು ನಿಂತರು. "ನಿನಗೆ ತಲೆ ಸರಿ ಉಂಟಾ? ಮಾವನ ಹೆಸರು ನಾನು ಬಾಯಲ್ಲಿ ಹೇಳ್ಲಿಕ್ಕುಂಟಾ?"

ಗಂಡನ ಹೆಸರನ್ನೇ ಹೇಳದ ಅಮ್ಮ ಮಾವನ ಹೆಸರು ಹೇಳಿಯಾರೇ? ಊರಿನಲ್ಲಿ ಅದೇ ಹೆಸರಿನ ದರ್ಜಿಯನ್ನು ಸಹ ಅವರು "ಮಾವನ ಹೆಸರಿನವ" ಎಂದೇ ಕರೆಯುತ್ತಿದ್ದದ್ದು. ಪದ್ಧತಿಯ ಬಗ್ಗೆ ಭಾಷಣ ಬಿಗಿದ ನನಗೆ ಅದೊಂದು ನೆನಪಾಗಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಹಿರಿಯರ ಆಳ್ವಿಕೆ. ಮಗು ಮಲಗಿದ ಸೋಫಾದಲ್ಲಿ ಅಮ್ಮ ಕೂರುವುದಿಲ್ಲ. "ಮಾವ ಉಚ್ಚೆ ಹೊಯ್ದಿದ್ದಾರೆ, ಬಟ್ಟೆ ಬದಲಿಸು" ಎಂದು ನನ್ನನ್ನೇ ಕರೆಯುತ್ತಾರೆ. ಅವನು ನನ್ನ ಕನ್ನಡಕ ಕಿತ್ತಾಗ ನಾನು "ಏ ಕೊಗ್ಗ, ಬಿಡೋ" ಎಂದು ಗದರಿದ್ದಕ್ಕೆ ನನ್ನ ಬೆನ್ನಿಗೇ ಒಂದು ಬಿತ್ತು.

"ಅಜ್ಜನನ್ನು ಹಾಗೆ ಕರೀತಾರಾ? ಮರ್ಯಾದೆ ಬೇಡ್ವಾ ನಿಂಗೆ?"

ಕೊನೆಗೆ ಅಮ್ಮನೇ ತೀರ್ಪು ಕೊಟ್ಟರು. "ಹಿರಿಯರ ಹೆಸರಿಟ್ಟದ್ದು ಒಳ್ಳೆಯದೇ. ಅದು ಪಾಸ್‌ಪೋರ್ಟಲ್ಲಿ ಇರ್ಲಿ. ಕರೀಲಿಕ್ಕೆ ಬೇರೆ ಬೇಕು. ದೀಕ್ಷಿತಾ, ನಿನ್ನ ಮನಸ್ಸಲ್ಲಿ ಎಂತಾದ್ರೂ ಉಂಟಾ?"

"ಲಕ್ಷಿತ್, ಅತ್ತೆ" ಎಂದಳು ಮಹಾತಾಯಿ, ಹಿಂದೆಂದೂ ಕಾಣದ ವಿನಯದಿಂದ. "ಪದ್ಧತಿ ಅಂದ್ರೆ ಪದ್ಧತಿಯಲ್ವಾ?"

ನನಗೋ ಅಜ್ಜನ ಹೆಸರನ್ನು ಒಮ್ಮೆಯಾದರೂ ಯಾರಾದರೂ ಗಟ್ಟಿಯಾಗಿ ಕರೆಯುವುದನ್ನು ಕೇಳಬೇಕೆನಿಸಿತು. ಉಳಿದದ್ದು ಪಕ್ಕದ ಬೌಷರಿನ ಕ್ಲಿನಿಕ್ ಒಂದೇ. ಅಲ್ಲಿ ಲಸಿಕೆಗೆ ಪಾಸ್‌ಪೋರ್ಟಿನ ಹೆಸರನ್ನೇ ಕೂಗಬೇಕು. ಎಲ್ಲರನ್ನೂ ಕಾರಿಗೆ ಹತ್ತಿಸಿ ಕರೆದೊಯ್ದೆ.

ನರ್ಸ್ ನಝೀರಾ ಬಂಟ್ವಾಳ ಕಡೆಯವಳು. ಬಾಗಿಲಲ್ಲಿ ನಿಂತು, ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ಕೊಗ್ಗ" ಎಂದಳು. ಅಮ್ಮ ಸೆರಗು ಹೊದ್ದು ಎದ್ದು ನಿಂತರು. ಮಗು ತಿರುಗಿಯೂ ನೋಡಲಿಲ್ಲ. ಉಬ್ಬಿದ ಎದೆಯಿಂದ ನಾನೇ ಕೈ ಎತ್ತಿದೆ.

ನಝೀರಾ ಹತ್ತಿರ ಬಂದು ನನ್ನ ತೋಳು ಹಿಡಿದುಕೊಂಡಳು. "ಮೆಲ್ಲ ಬನ್ನಿ ಅಜ್ಜ. ಊರಿಂದ ಯಾವಾಗ ಬಂದದ್ದು?"

ನಾನು ದೀಕ್ಷಿತಾಳ ಮುಖ ನೋಡಿದೆ.

"ಹೋಗಿ" ಎಂದಳು ಅವಳು, ಲಕ್ಷಿತನ ತಲೆ ಸವರುತ್ತ. "ನಿಮ್ಮನ್ನೇ ಕರೆದದ್ದು."