ಅತ್ತೆಯವರನ್ನು ಕ್ಯಾಸೆಟ್ಟಿಗೆ ಇಳಿಸಿದ್ದು

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಉಕ್ಕಿತು, ಇವರಿಗೆ ಒಂದು ಕಾಲುಚೀಲ ಸಿಗಲಿಲ್ಲ, ಅತ್ತೆಯವರು ಉಪ್ಪಿಟ್ಟು ಬಾಯಿಗಿಟ್ಟು "ಉಪ್ಪು ಒಂದು ಕಲ್ಲು ಕಮ್ಮಿ" ಎಂದರು. ಮದುವೆಯಾದಂದಿನಿಂದ ನನ್ನ ಅಡುಗೆಗೆ ಅವರಿಂದ ಸಿಕ್ಕಿರುವ ಸರ್ಟಿಫಿಕೇಟು ಅದೊಂದೇ. ಆದರೂ ಜೀವನ್ ಬಿಮಾ ನಗರದ ನಮ್ಮ ಮನೆಗೆ ಅದು ಹಬ್ಬದ ದಿನ. ಅತ್ತೆಯವರು ಮಹಿಳಾ ಸಮಾಜದ ಪರವಾಗಿ ಹೋಗಿ ಮಾಡಿಬಂದಿದ್ದ ಹಿತಕಿದ ಬೇಳೆ ಸಾರು ಮಧ್ಯಾಹ್ನ ಟಿವಿಯಲ್ಲಿ ಬರುವುದಿತ್ತು. ಆ ಹೊತ್ತಿಗೆ ಕೆಲಸದಲ್ಲಿರುವ ನಾದಿನಿಯರಿಬ್ಬರೂ ಭಾನುವಾರ ಅದನ್ನು ನೋಡಲೆಂದೇ ಬರುವವರಿದ್ದರು. ರೆಕಾರ್ಡ್ ಮಾಡಿಡುವ ಹೊಣೆ ನನ್ನದು.

ಕೇಬಲ್ಲನ್ನು ವಿಸಿಆರಿಗೂ ವಿಸಿಆರನ್ನು ಟಿವಿಗೂ ಇವರೇ ಜೋಡಿಸಿಟ್ಟಿದ್ದರು. "ಎರಡು ಬಟನ್ ಒಟ್ಟಿಗೆ ಒತ್ತು, ಅಷ್ಟೇ ಕಣೇ. ಚಾನೆಲ್ ಒಂದ್ಸಲ ನೋಡ್ಕೋ" ಎನ್ನುತ್ತಾ ಫ್ಯಾಕ್ಟರಿ ಬಸ್ಸಿಗೆ ಓಡಿದರು. ನೋಡಿಕೊಂಡೆ. ಟಿವಿಯಲ್ಲಿ ಚಾನೆಲ್ ಸರಿಯಾಗಿಯೇ ಇತ್ತು.

ಕುಕ್ ಟೌನಿನ ಕಾನ್ವೆಂಟಿನಲ್ಲಿ ನಾನು ಕಲಿತು ಬಂದದ್ದು ದುಂಡಗಿನ ಕೈಬರಹ ಮತ್ತು ಕ್ರೋಷಾ. ಎರಡೂ ನಮ್ಮ ಟಿವಿ ಕಪಾಟಿನಲ್ಲಿವೆ. ಸಾಲಾಗಿ ನಿಂತ ಕ್ಯಾಸೆಟ್ಟುಗಳ ಬೆನ್ನಿಗೆ ನನ್ನ ಕೈಬರಹ, ವಿಸಿಆರಿನ ಮೈಮೇಲೆ ನನ್ನ ಹೊದಿಕೆ. ಅದರ ಲೇಸು ಹೊಸ ಮದುವಣಗಿತ್ತಿಯ ಸೆರಗಿನಂತೆ ಮುಖದ ಮೇಲೆ ಇಳಿಬಿದ್ದಿರುತ್ತದೆ. ಎರಡು ಬಟನ್ ಒತ್ತಲು ಒಂದು ಮೂಲೆ ಎತ್ತಿದರೆ ಸಾಕು.

ನನ್ನ ಚಿಂತೆಯೆಲ್ಲ ಸದ್ದಿನದು. ನಾನು ಚಿಕ್ಕವಳಿದ್ದಾಗ ನಮ್ಮಣ್ಣ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಾಡು ತುಂಬಿಕೊಳ್ಳುತ್ತಿದ್ದ. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ಆದರೂ ಅವನ ಸಂಗ್ರಹದಲ್ಲಿ ಅಮ್ಮನ ಕೆಮ್ಮಿಲ್ಲದ ಹಾಡು ಒಂದೂ ಇರಲಿಲ್ಲ. ತಂತಿಯಲ್ಲಿ ಬರುವುದಕ್ಕೆ ಮನೆಯ ಸದ್ದು ಸೇರುವುದಿಲ್ಲವೆಂದು ಇವರು ಎಷ್ಟೋ ಸಲ ಹೇಳಿದ್ದಾರೆ. ನನ್ನ ಬುದ್ಧಿ ಅದನ್ನು ಒಪ್ಪಿತ್ತು, ಕಿವಿ ಒಪ್ಪಿರಲಿಲ್ಲ. ಆದ್ದರಿಂದ ಕುಕ್ಕರ್ ಇಳಿಸಿ, ಫ್ಯಾನ್ ಆರಿಸಿ, ಬಟನ್ ಒತ್ತಿದೆ. ಟಿವಿಯೊಳಗಿನ ಅತ್ತೆ ನಮಸ್ಕಾರ ಎಂದರು. ಕುರ್ಚಿಯಲ್ಲಿದ್ದ ಅತ್ತೆ ಸೆರಗು ಸರಿಮಾಡಿಕೊಂಡರು. ಅಷ್ಟರಲ್ಲಿ ಬೀದಿಯಿಂದ "ಪೇಪರ್‌ರ್... ಹಳೇ ಪೇಪರ್!"

ಗೇಟಿಗೆ ಓಡಿದೆ. "ಶ್! ಕೂಗ್ಬೇಡಪ್ಪಾ, ಒಳಗೆ ರೆಕಾರ್ಡಿಂಗ್ ನಡೀತಿದೆ!"

"ಶೂಟಿಂಗಾ ಅಕ್ಕಾ?" ಪಾಪ, ಅವನೂ ಪಿಸುಗುಟ್ಟಿದ. "ಹೀರೋ ಯಾರು?"

"ನಮ್ಮತ್ತೆ."

ಅವನು ಸೈಕಲ್ ಸ್ಟ್ಯಾಂಡ್ ಹಾಕಿ ನಿಂತೇಬಿಟ್ಟ. ಅವನಿಗೆ ತಿಳಿಹೇಳಿ ಸಾಗಹಾಕಿ ಒಳಬರುವಷ್ಟರಲ್ಲಿ ಟಿವಿಯ ಅತ್ತೆ ಕೊತ್ತಂಬರಿ ಉದುರಿಸುತ್ತಿದ್ದರು.

"ಎಲ್ಲೋಗಿದ್ದೆ? ಕೇಳಿಸ್ಕೊಳ್ಲಿಲ್ವಾ?" ಎಂದರು ಕುರ್ಚಿಯ ಅತ್ತೆ.

"ಏನನ್ನ?"

"ಏನಿಲ್ಲ. ಒಗ್ಗರಣೆ ಸದ್ದು ಚೆನ್ನಾಗಿ ಬಂತು."

ಮುಗಿದ ಕೂಡಲೇ 'ಅತ್ತೆ – ಹಿತಕಿದ ಬೇಳೆ' ಎಂದು ಬರೆದು ಅಂಟಿಸಿದೆ. ಯಾರೂ ಅದರ ಮೇಲೆ ಬೇರೇನೂ ತುಂಬದಿರಲೆಂದು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನೂ ಲಟಕ್ಕನೆ ಮುರಿದೆ.

ಸಂಜೆ ಇವರು ಬಂದು ಕ್ಯಾಸೆಟ್ ಹಾಕಿದರೆ, ಅತ್ತೆಯವರ ಜಾಗದಲ್ಲಿ ರೇಷ್ಮೆಹುಳುಗಳು! ನಾನು ಅಷ್ಟು ಪಾಡುಪಟ್ಟು ಕಾಯ್ದ ಮೌನದಲ್ಲಿ ಅವು ಹಿಪ್ಪುನೇರಳೆ ಎಲೆ ಮೇಯುವ ಸರಸರ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಇವರು ಲೇಸನ್ನು ಪೂರ್ತಿ ಎತ್ತಿದರು. ಅದರ ಹಿಂದೆ ಪುಟ್ಟ ಕಿಟಕಿಯಲ್ಲಿ ಬೇರೆಯೇ ಚಾನೆಲ್ಲಿನ ಅಂಕಿ ಹಸಿರಾಗಿ ಹೊಳೆಯುತ್ತಿತ್ತು. "ವಿಸಿಆರಿಗೆ ಅದರದೇ ಚಾನೆಲ್ ಇರತ್ತೆ ಮಾರಾಯ್ತಿ. ಟಿವೀಲಿ ನೀನೇನು ನೋಡ್ತೀಯೋ ಅದಕ್ಕೇನು ಗೊತ್ತು?"

ನನಗೆ ಅಳುವೇ ಬಂತು. ಆಶ್ಚರ್ಯವೆಂದರೆ, ಒಂದು ಕಲ್ಲು ಉಪ್ಪನ್ನೂ ಬಿಡದ ಅತ್ತೆ ಇದನ್ನು ಬಿಟ್ಟರು. "ಹೋಗ್ಲಿ ಬಿಡೇ, ನಾನೇನು ಸಿನಿಮಾ ತಾರೆನಾ? ಒಂದ್ರೀತಿ ಒಳ್ಳೇದೇ ಆಯ್ತು." ಅವರ ಮುಖದಲ್ಲಿ ನೆಮ್ಮದಿಯೇ ಕಂಡಿತು.

ಅಷ್ಟರಲ್ಲಿ ಪಕ್ಕದ ಮನೆಯ ಸ್ಟೆಲ್ಲಾ ನಮ್ಮ ಡಬ್ಬಿ ಹಿಂದಿರುಗಿಸಲು ಬಂದರು. ಹುಳುಗಳನ್ನು ನೋಡಿ ನಕ್ಕು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ನನ್ನ ಕಡೆ ತಿರುಗಿದರು. ಅತ್ತೆಯವರು ಕಾಫಿ ಲೋಟದೊಳಗೇ ಏನನ್ನೋ ಹುಡುಕತೊಡಗಿದರು.

"ಲಕ್ಕಿ ಮಾ ನೀವು! 'ಈ ಸಾರು ನನ್ನ ಸೊಸೇದು, ಅವಳ ಕೈರುಚಿ ನಂಗೆ ಬರಲ್ಲ' ಅಂತ ಟಿವೀಲೇ ಹೇಳ್ಬಿಟ್ರಲ್ಲ. ಮನೇಲಿ ದಿನಾ ಇನ್ನೆಷ್ಟು ಹೊಗಳ್ತಾರೋ!"