ಹತ್ತು ಮಾತಿನ ಔಟ್‌ಟರ್ನ್

ನಮ್ಮ ಸೋದರಮಾವ ಹೆಣ್ಣು ನೋಡಿ ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತಂತೆ. ಅದೇ ಮನುಷ್ಯ ಮನೆಗೊಂದು ಇಂಟರ್ನೆಟ್ ನೋಡಿ ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಮೂರು ವರ್ಷ! ಟಿವಿ, ಇಂಟರ್ನೆಟ್, ಫೋನು ಮೂರನ್ನೂ ಒಂದೇ ಗಂಟು ಕಟ್ಟಿ ಮಾರುವವರು ಎಷ್ಟು ಜನ ಅವರ ಜಗಲಿ ಹತ್ತಿ ಇಳಿದರೋ! ಹತ್ತುವಾಗ ನಗುನಗುತ್ತಾ ಹತ್ತಿದವರು ಇಳಿಯುವಾಗ ಬೆವರು ಒರೆಸಿಕೊಳ್ಳುತ್ತಿದ್ದರು.

ಮಾವನ ಕಸುಬು ಹಾನುಬಾಳಿನಲ್ಲಿ ಕಾಫಿ ಕೊಳ್ಳುವುದು. ಮೂಟೆಯ ಮೈ ನೋಡಿ ಬೆಲೆ ಹೇಳುವವನು ಆ ವ್ಯಾಪಾರದಲ್ಲಿ ಉಳಿಯುವುದಿಲ್ಲ. ಮೂಟೆಯಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ, ಕಾಳೆಷ್ಟು ಹೊಟ್ಟೆಷ್ಟು ಎಂದು ತೂಗಿದ ಮೇಲೆಯೇ ಮಾತು. ಅದಕ್ಕೆ ಔಟ್‌ಟರ್ನ್ ನೋಡುವುದು ಅನ್ನುತ್ತಾರೆ. ಮಾವ ಕಾಫಿಗಷ್ಟೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸಭೆಯಲ್ಲಿ ಯಾರಾದರೂ ಒಂದು ಗಂಟೆ ಭಾಷಣ ಮಾಡಿದರೆ, "ಒಂದೂವರೆ ಕಾಳು ಸಿಗ್ತು, ಮಿಕ್ಕಿದ್ದೆಲ್ಲ ಹೊಟ್ಟು" ಎಂದು ಟವಲು ಕೊಡವಿ ಏಳುವ ಆಸಾಮಿ!

ಇಂಥವರಿಗೆ ಇಂಟರ್ನೆಟ್ ಯಾಕೆ ಬೇಕಾಯಿತು? ಅತ್ತೆಗಾಗಿ. ಐದು ವರ್ಷದ ಹಿಂದೆ ಒಂದು ಜ್ವರ ಬಂದು ಅತ್ತೆಯ ಎರಡೂ ಕಿವಿ ಮುಚ್ಚಿದವು. ಮಿಷನ್ನು ಹಾಕಿಸಿದರೂ ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅತ್ತೆ ನಿಧಾನಕ್ಕೆ ಎದುರಿನವರ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತರು. ಆದರೆ ಕುಂದೂರಿನಲ್ಲಿರುವ ತಂಗಿಯ ಜೊತೆ ದಿನಾ ಫೋನಿನಲ್ಲಿ ಆಡುತ್ತಿದ್ದ ಮಾತು ನಿಂತೇಹೋಯಿತು. ವಿಡಿಯೋ ಕಾಲ್ ಮಾಡಿದರೆ ನಮ್ಮ ಗುಡ್ಡದ ಸಿಗ್ನಲ್ಲಿಗೆ ತಂಗಿಯ ಬಾಯಿ ತೆರೆದದ್ದು ತೆರೆದಂತೆಯೇ ನಿಂತುಬಿಡುತ್ತಿತ್ತು.

"ಬರೆದು ಮೆಸೇಜ್ ಕಳಿಸಬೌದಲ್ಲ ಮಾವ?" ಅಂದೆ ಒಮ್ಮೆ.

"ಮೆಸೇಜಲ್ಲಿ ಅಕ್ಕ ತಂಗಿ ಜಗಳ ಆಡಕ್ಕಾಯ್ತದೇನೋ ಮಾರಾಯ?" ಅಂದರು.

ಮೊದಲು ಸಿಕ್ಕಿಬಿದ್ದವನು ಕೇಬಲ್‌ನವನು. "ಮುನ್ನೂರೈವತ್ತು ಚಾನಲ್ ಐತೆ ಸಾವ್ಕಾರ್ರೇ, ಇಂಟರ್ನೆಟ್ಟು ಜೊತೆಗೇ ಬತ್ತದೆ!"

"ನಮ್ಮನೇಲಿ ಇರೋದು ನಾಕು ಕಣ್ಣು. ಒಂದೊಂದು ಕಣ್ಣಿಗೆ ಎಷ್ಟು ಬಿತ್ತು, ಹೇಳು."

ಮಾವ ಒಂದು ಭಾನುವಾರ ಪೂರ್ತಿ ಪಕ್ಕದ ಮನೆಯ ಟಿವಿ ಮುಂದೆ ಕೂತು ಮುನ್ನೂರೈವತ್ತನ್ನೂ ಒಂದೊಂದಾಗಿ ನೋಡಿದರು! ಸಂಜೆ ಹೊರಗೆ ಬಂದವರು, "ಐದು ಕಾಳು ಕಣೋ" ಅಂದರು. ಪಕ್ಕದ ಮನೆಯವರು ಮುಂದಿನ ಭಾನುವಾರ ಬಾಗಿಲಿಗೆ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋದರು.

ಆಮೇಲೆ ಕಸ್ಟಮರ್ ಕೇರಿನ ಹುಡುಗಿಯ ಸರದಿ. "ನಮ್ಮದು ಅನ್‌ಲಿಮಿಟೆಡ್ ಸರ್. ಆದರೆ ಇಷ್ಟು ಜಿಬಿ ಆದಮೇಲೆ ಸ್ಪೀಡ್ ಕಡಿಮೆ ಆಗುತ್ತೆ" ಅಂದಳು ಪಾಪ.

"ಹಂಗಂದ್ರೆ ತಾಯಿ, ಮದ್ವೆ ಮನೇಲಿ ಎಷ್ಟು ಬೇಕಾರೂ ಉಣ್ಣಿ, ಎರಡ್ನೇ ಸಲದಿಂದ ಒಂದೊಂದೇ ಅಗುಳು ಬಡಿಸ್ತೀವಿ ಅಂದಂಗಾಯ್ತಲ್ಲ!"

ಆ ಕಡೆ ಹುಡುಗಿ ಬಿದ್ದು ಬಿದ್ದು ನಕ್ಕಳು. ಕೊನೆಗೆ, "ಬೇರೇನಾದರೂ ಸಹಾಯ ಬೇಕಾ ಸರ್?" ಅಂದದ್ದಕ್ಕೆ ಮಾವ, "ನಿಂದು ಊಟ ಆಯ್ತಾ?" ಎಂದು ಕೇಳಿ ಫೋನಿಟ್ಟರು.

ಆದರೆ ನಿಜವಾದ ಔಟ್‌ಟರ್ನ್ ಬೇರೆಯೇ ಇತ್ತು. ಯಾರ ಮನೆಗೆ ಹೊಸ ಕನೆಕ್ಷನ್ ಬಂದರೂ ಸರಿ, ಮಾವ ಅತ್ತೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹಾಜರು! ಅತ್ತೆ ಜಗಲಿಯಲ್ಲಿ ಫೋನು ಹಿಡಿದು ಕೂರಬೇಕು. ಮಾವ ಹಿತ್ತಿಲಿಗೆ ಹೋಗಿ ವಿಡಿಯೋ ಕಾಲ್ ಮಾಡಿ ಹತ್ತು ಮಾತು ಹೇಳುವುದು. ಅದೂ ದನಿಯಿಲ್ಲದೆ, ಬರೀ ತುಟಿಯಲ್ಲಿ. ದನಿ ಹೊರಟರೆ ಪಕ್ಕದಲ್ಲಿದ್ದವರು ಅತ್ತೆಗೆ ಸನ್ನೆ ಮಾಡಿ ಹೇಳಿಕೊಡುತ್ತಾರಂತೆ, ಪರೀಕ್ಷೆ ಕೆಡುತ್ತದಂತೆ! ಅತ್ತೆ ತಿಳಿದಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಮಗ್ಗೆ ಊರಿನ ಒಂದು ಮನೆಯಲ್ಲಿ ಮಾವ ಹೇಳಿದ್ದು: "ನಾಳೆ ಬೆಳಗ್ಗೆ ತಿಂಡಿಗೆ ಕಡುಬು ಮಾಡು, ಜೊತೆಗೆ ಕಾಯಿ ಚಟ್ನಿ ಇರ್ಲಿ, ಮರೀಬೇಡ." ನಡುನಡುವೆ ಚಿತ್ರ ನಿಂತು ನಿಂತು ಅತ್ತೆಗೆ ಸಿಕ್ಕಿದ್ದು ನಾಲ್ಕೇ ಮಾತು: "ನಾಳೆ, ತಿಂಡಿಗೆ, ಮಾಡು, ಮರೀಬೇಡ." ಅತ್ತೆ ಮರೆಯಲಿಲ್ಲ. ಮಾರನೆಯ ಬೆಳಗ್ಗೆ ಉಪ್ಪಿಟ್ಟು ಮಾಡಿದರು. ಮಾವ ಅದನ್ನೇ ತಿಂದು, ಆ ಕಂಪನಿಯ ಹೆಸರಿನ ಮೇಲೆ ಗೀಟು ಎಳೆದರು.

ಊರವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ? ಆದರೆ ಮಳೆಯಲ್ಲಿ ಕೊಡೆ ಹಿಡಿದು ಯಾರದೋ ಕೊಟ್ಟಿಗೆ ಮಗ್ಗುಲಲ್ಲಿ ನಿಂತು, ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದ ಆ ಮನುಷ್ಯನನ್ನು ನೋಡಿ ಎಷ್ಟೋ ಸಲ ಬೆರಗಾಗಿ ನಿಂತುಬಿಟ್ಟಿದ್ದೇನೆ. ಹತ್ತರಲ್ಲಿ ಆರು ಬಂದರೆ ಸಾಲದು, ಎಂಟು ಬಂದರೂ ಸಾಲದು. "ಬುಟ್ಟೋದ ಎರಡು ಮಾತೇ ಮುಖ್ಯದ್ದಾಗಿದ್ರೆ?" ಅನ್ನುತ್ತಿದ್ದರು.

ಈ ವರ್ಷ ಅದೇ ಕೇಬಲ್‌ನವನು ಹೊಸ ತಂತಿ ಎಳೆದುಕೊಂಡು ಬಂದ. ಈ ಸಲ ಚಾನಲ್ಲಿನ ಮಾತೇ ಎತ್ತಲಿಲ್ಲ, ಬುದ್ಧಿವಂತ! "ಒಂದು ವಾರ ಸ್ಯಾಂಪಲ್ ನೋಡಿ ಸಾವ್ಕಾರ್ರೇ, ಹಿಡಿಸಿದ್ರೆ ಇಟ್ಕಳಿ" ಅಂದ. ಮಾವ ಮಾರನೆಯ ದಿನವೇ ಕುಂದೂರಿಗೆ, ಅತ್ತೆಯ ತಂಗಿಯ ಮನೆಗೆ ಹೊರಟರು. ನಾನು ಇಲ್ಲಿ ಅತ್ತೆಯ ಪಕ್ಕ ಕೂತೆ.

ಪರದೆಯ ಮೇಲೆ ಮಾವ ಬಂದರು. ಕನ್ನಡಕ ಸರಿಮಾಡಿಕೊಂಡು ಅತ್ತಿತ್ತ ನೋಡಿ, ಸದ್ದಿಲ್ಲದೆ ತುಟಿ ಆಡಿಸಿದರು. ಚಿತ್ರ ಒಂದು ಕಡೆಯೂ ನಿಲ್ಲಲಿಲ್ಲ. ನನಗೆ ಮಾತ್ರ ಒಂದಕ್ಷರವೂ ತಿಳಿಯಲಿಲ್ಲ.

ಅತ್ತೆಯ ಪೆನ್ನು ಕೈಯಲ್ಲೇ ಉಳಿಯಿತು. ಮುಖ ಕೆಂಪಗಾಗಿತ್ತು. "ಹತ್ತಕ್ಕೆ ಹತ್ತೂ ಬಂತು" ಅಂದವರೇ ನೋಟ್‌ಬುಕ್ ಮುಚ್ಚಿದರು. ಅಷ್ಟರಲ್ಲಿ ತಂಗಿ ಮಾವನನ್ನು ಪಕ್ಕಕ್ಕೆ ತಳ್ಳಿ ಪರದೆ ತುಂಬ ಕೂತರು. ಐದು ವರ್ಷದ ಬಾಕಿ ಮಾತು, ನಡುವೆ ಒಂದು ಒಳ್ಳೆಯ ಜಗಳ, ಎಲ್ಲ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಸೀದುಹೋಗಿತ್ತು.

ಕಾಲ್ ಮುಗಿದ ಮೇಲೆ ನಾನು ಅತ್ತೆಯ ಎದುರು ಕೂತು ಬಿಡಿಸಿ ಬಿಡಿಸಿ ಕೇಳಿದೆ: "ಮಾವ ಏನಂದ್ರು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. "ಹೆಣ್ಣು ನೋಡಕ್ಕೆ ಬಂದ ದಿನ ನಮ್ಮನೆ ಹಿತ್ಲಲ್ಲಿ ಹೇಳಿದ್ದನ್ನೇ ಹೇಳಿದ್ರು ಕಣೋ. ಆವಾಗ ನನ್ ಕಿವಿ ಚೆನ್ನಾಗೇ ಇತ್ತು. ನಾಚ್ಕಂಡು, ಕೇಳಿಸ್ಲಿಲ್ಲ ಅಂದ್ಬುಟ್ಟಿದ್ದೆ."